ಕಲ್ಲಿಗೆ ಆರು ಅಂಗುಲ

ಕಳೆದ ಮಳೆಗಾಲದಲ್ಲಿ ಸಹೋದ್ಯೋಗಿಗಳ ಜೊತೆ ಸಿರಿಮನೆ ಜಲಪಾತಕ್ಕೆ ಹೋಗಿದ್ದೆ. ಕಿಗ್ಗ ದಾಟಿದ ಮೇಲೆ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಚಹಾ ಕುಡಿಯುತ್ತಿದ್ದಾಗ ಅಂಗಡಿಯಾಕೆ ಒಂದು ಡಬ್ಬಿಯನ್ನು ನಮ್ಮ ಮುಂದೆ ಇಟ್ಟರು. "ಉಂಬಳ ರಾಶಿ ಇದಾವೆ, ಕಾಲಿಗೆ ಹಚ್ಕಂಡು ಹೋಗಿ" ಅಂದರು. ಜಿಗಣೆ ಹತ್ತದಂತೆ ಕೊಬ್ಬರಿ ಎಣ್ಣೆಗೆ ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಕಲಸಿದ್ದು. ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಬಂತು. ಎಲ್ಲರೂ ಹಚ್ಚಿಕೊಂಡರು, ನಾನೂ ಹಚ್ಚಿಕೊಂಡೆ. ಆಮೇಲೆ ಅಂಗೈಯನ್ನು ಬಟ್ಟೆಗೆ ಒರೆಸಿದೆ, ಮಣ್ಣಿನಲ್ಲಿ ಉಜ್ಜಿದೆ, ತೊಳೆದು ಮತ್ತೆ ಒರೆಸಿದೆ. "ಏನ್ರೀ, ಆಪರೇಷನ್ ಮಾಡೋಕೆ ಹೊರಟಿದೀರಾ?" ಎಂದು ಜೊತೆಯಲ್ಲಿದ್ದವರೊಬ್ಬರು ಕೇಳಿದರು. ನಾನು ನಕ್ಕೆ. ಉತ್ತರ ಕೊಡಬೇಕೆಂದರೆ ಒಂದು ಇಡೀ ಮಳೆಗಾಲವನ್ನು ಹೇಳಬೇಕಾಗುತ್ತಿತ್ತು.

ಆಗ ನಾನು ಗಣಿ ಎಂಜಿನಿಯರಿಂಗಿನ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದೆ. ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ನರಸಿಂಹರಾಜಪುರದ ನಾನು, ಶೃಂಗೇರಿ ಹತ್ತಿರದ ಅಡ್ಡಗದ್ದೆಯ ಪ್ರತಿಮಾ. ನಮಗಿಂತ ಮೊದಲು ಓದಿ ಹೋದ ಹುಡುಗಿಯರೆಲ್ಲ ತರಬೇತಿಯ ತಿಂಗಳುಗಳನ್ನು ಗಣಿಯ ನಕ್ಷೆ ಕೋಣೆಯಲ್ಲೋ, ಅದಿರು ಪರೀಕ್ಷಿಸುವ ಪ್ರಯೋಗಾಲಯದಲ್ಲೋ ಕಳೆದಿದ್ದರು. ನೆಲದಡಿಗೆ ಇಳಿದವರು ಯಾರೂ ಇರಲಿಲ್ಲ. ನೆಲದಡಿಯ ಅನುಭವವಿಲ್ಲದವರು ಮುಂದೆ ಅಂಥ ಗಣಿಯೊಂದರ ಜವಾಬ್ದಾರಿ ಹೊರುವಂತಿಲ್ಲ, ಹಾಗಾಗಿ ಅವರೆಲ್ಲ ನಕ್ಷೆ ಕೋಣೆಯಲ್ಲೇ ಉಳಿದರು. ಅಷ್ಟರಲ್ಲಿ ಕಾನೂನು ಬದಲಾಗಿತ್ತು, ಹೆಣ್ಣುಮಕ್ಕಳು ಇಳಿಯಬಹುದಿತ್ತು. ಆದರೆ ಇಳಿಯಬಹುದು ಎನ್ನುವುದಕ್ಕೂ ಇಳಿಸುವುದಕ್ಕೂ ನಡುವೆ ನಮ್ಮ ವಿಭಾಗದ ಮುಖ್ಯಸ್ಥರಿದ್ದರು.

ಕೆಟ್ಟ ಮನುಷ್ಯರಲ್ಲ ಅವರು. ನಾವು ಕೇಳಲು ಹೋದಾಗ ಕೂರಿಸಿ ಮಾತಾಡಿದರು. ಗಣಿಯವರು ಒಬ್ಬಳನ್ನೇ ಕಳಿಸಿದರೆ ಒಪ್ಪುವುದಿಲ್ಲ, ಇಬ್ಬರಾದರೂ ಬೇಕು, ಆ ಇಬ್ಬರಿಗೂ ತಾವು ಭರವಸೆ ಕೊಡಬೇಕು ಎಂದರು. "ನಾನು ಏನಂತ ಬರೀಲಿ? ಚೆನ್ನಾಗಿ ಮಾರ್ಕ್ಸ್ ತಗೊಂಡಿದಾರೆ ಅಂತಾನಾ?" ಪೆನ್ನಿನ ಮುಚ್ಚಳ ತಿರುವುತ್ತ ಒಂದು ದಾರಿ ಹೇಳಿದರು. ಯಂತ್ರಗಳು ಬರುವ ಮೊದಲು ಗಣಿಗಳಲ್ಲಿ ಕೈಯಿಂದ ಮಾಡುತ್ತಿದ್ದ ಕೆಲಸಗಳನ್ನು ವಿದ್ಯಾರ್ಥಿಗಳಿಂದ ಮಾಡಿಸುವ ಸ್ಪರ್ಧೆಯೊಂದು ಪ್ರತಿವರ್ಷ ನಡೆಯುತ್ತದೆ. ಗರಗಸದಿಂದ ಮರ ಕೊಯ್ಯುವುದು, ಗಣಿಯ ಚಾವಣಿಗೆ ಊರುಗಂಬ ನಿಲ್ಲಿಸುವುದು, ಸಲಿಕೆಯಿಂದ ಅದಿರು ತುಂಬುವುದು, ಸುತ್ತಿಗೆಯಿಂದ ಬಂಡೆಗೆ ತೂತು ಕೊರೆಯುವುದು. ಸಂಘಟಿಸುವ ನಿವೃತ್ತ ಗಣಿ ಎಂಜಿನಿಯರುಗಳಲ್ಲಿ ಒಬ್ಬರು ನರಸಿಂಹರಾಜಪುರದಲ್ಲಿ ನೆಲೆಸಿದ್ದರಿಂದ ಆ ವರ್ಷ ಸ್ಪರ್ಧೆ ಅಲ್ಲೇ, ಮಳೆ ಕಳೆದ ಮೇಲೆ. ಕೊರೆಯುವುದಕ್ಕೆ ಜೋಡಿ ಬೇಕು. ಕಾಲು ಗಂಟೆಯಲ್ಲಿ ಆರು ಅಂಗುಲ ಕೊರೆದ ಜೋಡಿ ಪಾಸು. "ಅದನ್ನ ಮಾಡಿ ತೋರಿಸಿ. ಇಬ್ಬರ ಹೆಸರನ್ನೂ ಕಳಿಸ್ತೀನಿ. ಆಗಲಿಲ್ಲ ಅಂದ್ರೆ ಮತ್ತೆ ಈ ಮಾತು ಬೇಡ."

ಹೊರಗೆ ಬಂದ ಮೇಲೆ ಪ್ರತಿಮಾ, "ಆರು ಅಂಗುಲ ಅಂದ್ರೆ ಒಂದು ದೋಸೆ ಅಗಲ ಇಲ್ಲ. ಇಷ್ಟೇನಾ?" ಅಂದಳು.

ಆ ‘ಇಷ್ಟೇ’ ಎಷ್ಟು ಎಂಬುದು ಕೊಪ್ಪದಲ್ಲಿ ಗೊತ್ತಾಯಿತು. ಅಲ್ಲಿ ಪ್ರತಿಮಾಳ ಚಿಕ್ಕಮ್ಮ ಜಲಜಮ್ಮನ ಮನೆಯಿತ್ತು. ಪೇಟೆಯಿಂದ ಸ್ವಲ್ಪ ಆಚೆಗೆ, ಕೆಲಸ ನಿಂತು ವರ್ಷಗಳಾಗಿದ್ದ ಕಲ್ಲಿನ ಕ್ವಾರಿಯೊಂದು ಅವರ ಪರಿಚಯದವರದು. ರಜೆ ಮುಗಿಯುವವರೆಗೆ ಅಲ್ಲಿ ಅಭ್ಯಾಸ, ಆಮೇಲೆ ಶನಿವಾರ ಭಾನುವಾರ ಕಾಲೇಜಿನಿಂದ ಬಸ್ಸು ಹಿಡಿದು ಬರುವುದು ಎಂದು ನಿಶ್ಚಯಿಸಿಕೊಂಡೆವು. ಜಲಜಮ್ಮ ನಮ್ಮ ಸುತ್ತಿಗೆಯನ್ನೂ ಉಕ್ಕಿನ ಸರಳುಗಳನ್ನೂ ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದನ್ನು ನೋಡಿ, "ಕಲ್ಲಿಗೆ ತೂತು ಹೊಡಿಯಕ್ಕೆ ಇಷ್ಟು ವರ್ಷ ಓದ್ಬೇಕಾಯ್ತನ? ಮೊದ್ಲೇ ಹೇಳಿದ್ರೆ ಹತ್ನೇ ಕ್ಲಾಸಿಗೇ ಬಿಡಿಸ್ತಿದ್ದೆ" ಅಂದರು. ಆದರೆ ಪ್ರತಿದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟವರೂ ಅವರೇ.

ಕೆಲಸ ಹೇಳಲು ಸುಲಭ. ಒಬ್ಬಳು ಬಂಡೆಯ ಪಕ್ಕ ಮಂಡಿಯೂರಿ ಕೂತು ಸರಳನ್ನು ನೆಟ್ಟಗೆ ಹಿಡಿಯಬೇಕು. ಇನ್ನೊಬ್ಬಳು ನಿಂತು ಅದರ ತಲೆಗೆ ಸುತ್ತಿಗೆಯಿಂದ ಹೊಡೆಯಬೇಕು. ಪ್ರತಿ ಏಟು ಬಿದ್ದ ಮೇಲೆ ಹಿಡಿದವಳು ಸರಳನ್ನು ಚೂರು ಎತ್ತಿ, ಚೂರು ತಿರುಗಿಸಬೇಕು, ಇಲ್ಲವಾದರೆ ಅದು ತೂತಿನಲ್ಲೇ ಕಚ್ಚಿಕೊಳ್ಳುತ್ತದೆ. ನಡುನಡುವೆ ತೂತಿಗೆ ನೀರು ಹೊಯ್ಯಬೇಕು. ಕಲ್ಲಿನ ಪುಡಿ ಬೂದುಬಣ್ಣದ ಕೆಸರಾಗಿ ಉಕ್ಕಿ ಬರುತ್ತದೆ. ಅದು ಮುಖಕ್ಕೆ ಸಿಡಿಯದಂತೆ ಪ್ರತಿಮಾ ಹಳೆಯ ಸೀರೆಯ ತುಂಡಿನಿಂದ, ಕೊಡ ಹೊರುವವರು ತಲೆಯ ಮೇಲಿಟ್ಟುಕೊಳ್ಳುವಂಥ ಒಂದು ಸಿಂಬೆ ಮಾಡಿ ಸರಳಿನ ಬುಡಕ್ಕೆ ಹಾಕಿದ್ದಳು. ಹಿಡಿದವಳು ಮೇಲೆ ನೋಡುವಂತಿಲ್ಲ. ನೋಡಿದರೆ ಸುತ್ತಿಗೆ ಕಾಣುತ್ತದೆ, ಸುತ್ತಿಗೆ ಕಂಡರೆ ಕೈ ಅಲುಗುತ್ತದೆ.

ಪ್ರತಿಮಾಳಿಗೆ ತೋಳಿನ ಬಲವಿತ್ತು, ನನಗೆ ಅಲುಗದೆ ಕೂರುವುದು ಗೊತ್ತಿತ್ತು. ಅವಳು ಹೊಡೆಯುವವಳಾದಳು, ನಾನು ಹಿಡಿಯುವವಳಾದೆ. ಮೊದಲ ವಾರ ಕಾಲು ಗಂಟೆಗೆ ಒಂದು ಅಂಗುಲವೂ ಇಳಿಯಲಿಲ್ಲ. ಆರಿದ್ರೆ ಮಳೆ ಮುಗಿಯುವ ಹೊತ್ತಿಗೆ ಮೂರು ಇಳಿಯಿತು. ಪುನರ್ವಸು ಹಿಡಿದ ಮೇಲೆ ಕ್ವಾರಿಯ ಗೋಡೆಯುದ್ದಕ್ಕೂ ನೀರು ಇಳಿಯತೊಡಗಿತು, ನಾವು ತಗಡಿನ ಮಾಡು ಕಟ್ಟಿಕೊಂಡು ಅದರಡಿಯಲ್ಲಿ ಮುಂದುವರಿಸಿದೆವು. ನಾಲ್ಕೂವರೆ ಇಳಿಯಿತು. ಆ ದಿನಗಳಲ್ಲಿ ನಮ್ಮ ನಡುವೆ ಮಾತೇ ಇರುತ್ತಿರಲಿಲ್ಲ. ಏಟು, ಎತ್ತು, ತಿರುಗಿಸು, ಏಟು. ಅವಳು ಉಸಿರು ಬಿಡುವ ಸದ್ದಿನಿಂದ ಸುತ್ತಿಗೆ ಎಲ್ಲಿದೆಯೆಂದು ನನಗೆ ತಿಳಿಯುತ್ತಿತ್ತು. ಇನ್ನೊಬ್ಬರನ್ನು ಇಷ್ಟು ನಂಬಿ ನಾನು ಅದುವರೆಗೆ ಎಲ್ಲೂ ಕೂತಿರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ಹೇಳುವ ಸ್ವಭಾವ ನನ್ನದಲ್ಲ.

ಉಂಬಳದ ಕಾಟ ಶುರುವಾದದ್ದು ಆಗಲೇ. ನಿಂತವಳಿಗೆ ಅಷ್ಟಿಲ್ಲ, ಅವಳು ಕಾಲು ಕೊಡವುತ್ತಿರಬಹುದು. ಮಂಡಿಯೂರಿ ಕೂತ ನನ್ನ ಪಾದ, ಮೀನಖಂಡ ಅವುಗಳ ಪಾಲು. ಜಲಜಮ್ಮ ಎಣ್ಣೆಯ ಡಬ್ಬಿಯನ್ನು ಬುತ್ತಿಯ ಜೊತೆಗೇ ಕೊಡುತ್ತಿದ್ದರು. ಬೆಳಿಗ್ಗೆ ಹಚ್ಚಿಕೊಂಡದ್ದು ಮಧ್ಯಾಹ್ನದೊಳಗೆ ಮಳೆ ನೀರಿಗೆ ತೊಳೆದು ಹೋಗುತ್ತಿತ್ತು.

ಪುಷ್ಯ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ನಾವು ಗಡಿಯಾರ ಇಟ್ಟುಕೊಂಡು ಕೂತಿದ್ದೆವು. ಐದು ಅಂಗುಲ ಇಳಿದಿತ್ತು, ಸಮಯ ಇನ್ನೂ ಬಾಕಿಯಿತ್ತು. ಮೊದಲ ಬಾರಿಗೆ ಆರು ಆಗುತ್ತದೆ ಎನ್ನಿಸಿತ್ತು ಇಬ್ಬರಿಗೂ. ನನ್ನ ಎಡಗಾಲಿಗೆ ಮೂರು ನಾಲ್ಕು ಉಂಬಳ ಹತ್ತಿದವು. ಕಾಲು ಎಳೆದುಕೊಂಡೆ. ಸರಳು ಅಲುಗಿತು.

"ಬಿಡ್ಬೇಡ, ನೀ ಹಿಡ್ಕ. ನಾ ಹಚ್ತೀನಿ" ಎಂದಳು ಪ್ರತಿಮಾ. ಸುತ್ತಿಗೆ ಒರಗಿಸಿ, ಕೈಗವಸು ತೆಗೆದು, ಡಬ್ಬಿಯಿಂದ ಎಣ್ಣೆ ಬಾಚಿ ನನ್ನ ಕಾಲಿಗೆಲ್ಲ ಮೆತ್ತಿದಳು. ಉಂಬಳ ಸುರುಟಿ ಬಿದ್ದವು. ಸಮಯ ಹೋಗುತ್ತಿತ್ತು. ಕೈಯನ್ನು ಪ್ಯಾಂಟಿಗೆ ಒಮ್ಮೆ ಸವರಿ, ಗವಸು ಹಾಕಿಕೊಳ್ಳದೆ ಸುತ್ತಿಗೆ ಎತ್ತಿದಳು. ಎಣ್ಣೆ ಕೈಯಲ್ಲಿ ಹಿಡಿಕೆ ತಿರುಗಿತು.

ಸದ್ದು ಬೇರೆಯಾಗಿತ್ತು. ಉಕ್ಕಿಗೆ ಉಕ್ಕು ಬಡಿದ ಸದ್ದಲ್ಲ. ನೋವು ಆಮೇಲೆ ಬಂತು.

ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಅವಳು ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು. ನನ್ನ ಎಡ ಮಣಿಕಟ್ಟಿನ ಮೂಳೆಯಲ್ಲಿ ಬಿರುಕು ಎಂದರು ಡಾಕ್ಟರು, ಪ್ಲಾಸ್ಟರ್ ಹಾಕಿದರು. ಮನೆಯವರಿಗೆ ಪಾಚಿಯ ಮೇಲೆ ಜಾರಿದೆ ಎಂದೆ. ಮಲೆನಾಡಿನಲ್ಲಿ ಆ ತಿಂಗಳಲ್ಲಿ ಆ ಮಾತನ್ನು ಯಾರೂ ಎರಡನೇ ಸಲ ವಿಚಾರಿಸುವುದಿಲ್ಲ. ಕಾಲೇಜಿನಲ್ಲಿ ಮುಖ್ಯಸ್ಥರಿಗೆ ಮಾತ್ರ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ನನ್ನ ಕೈಯನ್ನೂ ಪ್ರತಿಮಾಳ ಮುಖವನ್ನೂ ನೋಡಿ, "ಇಷ್ಟಕ್ಕೇ ಬಿಡಬಹುದು. ಯಾರೂ ಏನೂ ಅನ್ನಲ್ಲ" ಅಂದರು.

"ಬಿಡಲ್ಲ ಸರ್" ಎಂದೆ. ಪ್ರತಿಮಾ ನನ್ನ ಪ್ಲಾಸ್ಟರನ್ನೇ ನೋಡುತ್ತಿದ್ದಳು.

ಪ್ಲಾಸ್ಟರ್ ತೆಗೆದು, ಕೈ ಸ್ವಲ್ಪ ಸುಧಾರಿಸಿ, ಮತ್ತೆ ಕ್ವಾರಿಗೆ ಹೋದಾಗ ಗಣಪತಿ ಹಬ್ಬ ಮುಗಿದಿತ್ತು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ನಾನು ಮೊದಲಿನಂತೆ ಮಂಡಿಯೂರಿ ಸರಳು ಹಿಡಿದೆ. ಪ್ರತಿಮಾ ಸುತ್ತಿಗೆ ಎತ್ತಿದಳು. ಅವಳ ಉಸಿರಿನ ಸದ್ದು ಬಂತು, ಏಟು ಬರಲಿಲ್ಲ. ಮೇಲೆ ನೋಡಬಾರದು ಎಂದು ಗೊತ್ತಿದ್ದೂ ನೋಡಿದೆ. ಸುತ್ತಿಗೆ ಗಾಳಿಯಲ್ಲಿ ನಿಂತಿತ್ತು. ಕೊನೆಗೆ ಅದು ಕೆಳಗಿಳಿದದ್ದು ಬಾಗಿಲು ತಟ್ಟಿದ ಹಾಗೆ. ಅಂಥ ಏಟಿಗೆ ಬಂಡೆ ಪುಡಿಯನ್ನೂ ಉದುರಿಸಲಿಲ್ಲ. ಮರುದಿನವೂ ಹಾಗೆಯೇ ಆಯಿತು. ಅದರ ಮುಂದಿನ ವಾರವೂ. "ಏನೂ ಆಗಲ್ಲ, ಹೊಡಿ" ಎನ್ನುವುದನ್ನು ಬಿಟ್ಟು ನನಗೆ ಬೇರೆ ಮಾತು ತೋಚಲಿಲ್ಲ. ಅದು ಎಷ್ಟು ಬಡ ಮಾತೆಂದು ಹೇಳುವಾಗಲೇ ಗೊತ್ತಾಗುತ್ತಿತ್ತು.

ಮೂರನೇ ವಾರ ಅವಳು ಸುತ್ತಿಗೆಯನ್ನು ಕೆಸರಿಗೆ ಎಸೆದಳು. "ನಂಗೆ ಆಗಲ್ಲ ಚೈತ್ರಾ. ನಿನ್ ಕೈ ಕಂಡ್ರೆ ನನ್ ಕೈ ನಿಲ್ತದೆ."

"ಹಾಗಾದ್ರೆ ಬಿಟ್ಬಿಡಣ" ಎಂದೆ. ಸಿಟ್ಟಿನಿಂದಲೇ ಅಂದದ್ದು.

"ಬಿಡದೆಂತಕ್ಕೆ? ನಾನು ಕೂರ್ತೀನಿ. ನೀ ಹೊಡಿ."

"ನಂಗೆ ಹೊಡ್ದು ಗೊತ್ತಿಲ್ಲ."

"ನಂಗೂ ಹುಟ್ತಾ ಗೊತ್ತಿರ್ಲಿಲ್ಲ" ಎಂದು ಅವಳು ಆಗಲೇ ಬಂಡೆಯ ಪಕ್ಕ ಕೂತು ಸಿಂಬೆ ಸರಿಮಾಡಿಕೊಳ್ಳುತ್ತಿದ್ದಳು. "ಹೆಂಗೂ ನಿನ್ ಕೈ ಈಗ ಸರಳಿನ ನಡುಕ ತಡಿಯಲ್ಲ. ಡಾಕ್ಟ್ರು ಹೇಳಿದ್ದು ಮರ್ತೋಯ್ತ?"

ಹೊಡೆಯಬೇಕಾದ ಸರಳಿನ ತಲೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದರ ಗೇಣುದ್ದ ಕೆಳಗೆ ಅವಳ ಬೆರಳುಗಳು. ಸುತ್ತಿಗೆಯನ್ನು ಎತ್ತಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಅವತ್ತು. ಹಿಡಿದು ಕೂತಿದ್ದಷ್ಟು ದಿನ ಹೆದರಿಕೆಯ ಪಾಲೆಲ್ಲ ನನ್ನದು ಎಂದು ತಿಳಿದಿದ್ದೆ. ನಿಂತು ಹೊಡೆಯುವವಳ ಹೆದರಿಕೆಗೆ ಹೋಲಿಸಿದರೆ ಅದು ಏನೂ ಅಲ್ಲ. ಕೂತವಳು ಕಣ್ಣು ತಗ್ಗಿಸಬಹುದು. ನಿಂತವಳು ನೋಡಲೇಬೇಕು.

ನಾನು ನೋಡಿಕೊಂಡು, ಅಳೆದುಕೊಂಡು, ಅರ್ಧ ಎತ್ತರದಿಂದ ಹೊಡೆಯುತ್ತಿದ್ದೆ. ಒಂದೂ ತಪ್ಪಲಿಲ್ಲ. ಆದರೆ ಅರ್ಧ ಎತ್ತರದ ಏಟಿಗೆ ಆರು ಅಂಗುಲ ಸಿಗುವುದಿಲ್ಲ. ಸ್ಪರ್ಧೆಗೆ ಮೊದಲಿನ ಕೊನೆಯ ಭಾನುವಾರ ನಾಲ್ಕಕ್ಕೆ ನಿಂತೆವು. ಜಲಜಮ್ಮ ಊಟ ಬಡಿಸುತ್ತ, "ಎಂತ ಇಬ್ರ ಮುಖನೂ ಕಲ್ಲಾಗಿದೆ? ಅದಕ್ಕೇ ತೂತು ಹೊಡೀರಿ, ಅಲ್ಲಿ ತನಕ ಹೋಗದೆಂತಕ್ಕೆ" ಎಂದರು. ಪ್ರತಿಮಾ ನಕ್ಕಳು. ನಾನು ಅನ್ನ ಕಲಸುತ್ತಲೇ ಇದ್ದೆ. ಅವಳು ತನ್ನ ಬೆರಳುಗಳನ್ನು ನನ್ನ ಮುಂದಿಟ್ಟಿದ್ದಾಳೆ, ನಾನು ಅವುಗಳನ್ನು ಕಾಪಾಡುತ್ತ ಇಬ್ಬರ ಅವಕಾಶವನ್ನೂ ಕಳೆಯುತ್ತಿದ್ದೇನೆ. ಇದರಲ್ಲಿ ಯಾವುದು ಸರಿಯೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಸ್ಪರ್ಧೆಯ ದಿನ ನರಸಿಂಹರಾಜಪುರದಲ್ಲಿ ಹದವಾದ ಬಿಸಿಲಿತ್ತು. ಭದ್ರಾ ಹಿನ್ನೀರಿನ ಕಡೆಯ ಮೈದಾನದಲ್ಲಿ ಬಂಡೆಗಳನ್ನು ಸಾಲಾಗಿ ಇಟ್ಟಿದ್ದರು. ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು. ಮರ ಕೊಯ್ಯುವ ಕಡೆಯಿಂದ ಹಸಿ ಹೊಟ್ಟಿನ ವಾಸನೆ, ಸಲಿಕೆಗಳ ಕರಕರ, ಮೈಕಿನಲ್ಲಿ ಯಾರದೋ ಕೂಗು. ಕೊರೆಯುವ ವಿಭಾಗದಲ್ಲಿ ನಮ್ಮನ್ನು ಬಿಟ್ಟರೆ ಎಲ್ಲರೂ ಹುಡುಗರು. ಪಕ್ಕದ ಬಂಡೆಯವನೊಬ್ಬ ಪ್ರತಿಮಾಳ ಕೈಯಲ್ಲಿದ್ದದ್ದನ್ನು ನೋಡಿ, "ಅಕ್ಕ, ಸಿಂಬೆ ತಂದಿದೀರ, ಬಿಂದಿಗೆ ಎಲ್ಲಿ?" ಎಂದು ಕೇಳಿದ.

ಪ್ರತಿಮಾ ಅವನ ಹಳದಿ ಹೆಲ್ಮೆಟ್ಟನ್ನು ನೋಡಿ, "ನಿನ್ ತಲೆ ಮೇಲೆ ಮಗುಚಿ ಇಟ್ಟಿದೆಯಲ್ಲ" ಎಂದಳು. ಅವನ ಜೊತೆಗಾರನೇ ಹೆಚ್ಚು ನಕ್ಕ.

ನಮ್ಮ ಮುಖ್ಯಸ್ಥರು ಬಂದು ಹಗ್ಗದ ಆಚೆ ಕೈಕಟ್ಟಿ ನಿಂತರು. ನಮಗೆ ಶುಭ ಕೋರಲಿಲ್ಲ, ಕೈ ಆಡಿಸಲೂ ಇಲ್ಲ. ತೀರ್ಪುಗಾರರು ಸೀಟಿ ಊದಿದರು.

ನಾನು ಅಭ್ಯಾಸದಂತೆಯೇ ಹೊಡೆದೆ. ಅರ್ಧ ಎತ್ತರ, ನೋಡಿಕೊಂಡು. ಪ್ರತಿಮಾ ಎತ್ತಿ ತಿರುಗಿಸುತ್ತಿದ್ದಳು, ನೀರು ಹೊಯ್ಯುತ್ತಿದ್ದಳು, ಮೊನೆ ಸವೆದ ಸರಳು ಬದಲಾಯಿಸುತ್ತಿದ್ದಳು. ಪಕ್ಕದ ಬಂಡೆಯ ಏಟುಗಳು ನನ್ನ ಏಟಿಗಿಂತ ಜೋರಾಗಿಯೂ ಬೇಗಬೇಗನೆಯೂ ಬೀಳುತ್ತಿದ್ದವು. ಕಿವಿ ಅತ್ತ ಹೋಗದಂತೆ ಹಲ್ಲು ಕಚ್ಚಿದ್ದೆ. ಅರ್ಧ ಸಮಯ ಆಯಿತೆಂದು ತೀರ್ಪುಗಾರರು ಕೂಗಿದಾಗ ಎರಡೂವರೆ ಅಂಗುಲವೂ ಇಳಿದಿರಲಿಲ್ಲ. ಸರಳಿನ ಮೇಲೆ ಸುಣ್ಣದಿಂದ ಹಾಕಿದ ಗುರುತು ನನಗೆ ಕಾಣುತ್ತಿತ್ತು, ಅವಳಿಗೂ ಕಾಣುತ್ತಿತ್ತು. ನಾನು ಸುತ್ತಿಗೆಯನ್ನು ಸ್ವಲ್ಪ ಹೆಚ್ಚು ಎತ್ತಿದೆ. ಇನ್ನೂ ಸ್ವಲ್ಪ. ಬೆವರು ಕಣ್ಣಿಗಿಳಿಯಿತು. ರೆಪ್ಪೆ ಮುಚ್ಚಿ ತೆಗೆಯುವಷ್ಟರಲ್ಲಿ ಏಟು ಸರಳಿನ ಅಂಚಿಗೆ ಬಿದ್ದು ಜಾರಿತು. ಅವಳ ಬೆರಳಿನ ಗಂಟುಗಳಿಗೆ ಬಡಿಯಿತು.

ಆ ಸದ್ದು ನನಗೆ ಗೊತ್ತಿತ್ತು.

ಸುತ್ತಿಗೆ ಕೆಳಗಿಟ್ಟೆ. "ಕೈ ತೆಗಿ" ಎಂದೆ.

ಪ್ರತಿಮಾ ತುಟಿ ಕಚ್ಚಿಕೊಂಡು ಸರಳನ್ನು ಎತ್ತಿ, ತಿರುಗಿಸಿ, ಮತ್ತೆ ಊರಿದಳು. "ಸಮಯ ಹೋಗ್ತಿದೆ."

"ಕೈ ತೆಗಿ ಪ್ರತಿಮಾ. ಸಾಕು."

ಅವಳು ತಲೆ ಎತ್ತಿದಳು. ಆ ಎಲ್ಲ ವಾರಗಳಲ್ಲಿ ಸರಳು ಹಿಡಿದಾಗ ಅವಳು ಮೇಲೆ ನೋಡಿದ್ದು ಅದೊಂದೇ ಸಲ. ಮುಖದ ತುಂಬ ಬೂದು ಕೆಸರು, ಕಣ್ಣಲ್ಲಿ ನೀರು. ಆದರೂ ಎರಡು ತಿಂಗಳಿಂದ ನಾನು ಕಾಣದೆ ಇದ್ದ ಹಳೆಯ ಪ್ರತಿಮಾ ಆ ಮುಖದಲ್ಲಿದ್ದಳು.

"ನಂದೊಂದು, ನಿಂದೊಂದು. ಚುಕ್ತಾ ಆಯ್ತಲ್ಲ" ಎಂದಳು. "ಇನ್ನೆಂತಕ್ಕೆ ಹೆದರ್ತೀಯ? ಹೊಡಿ ಮಾರಾಯ್ತಿ."

ಹಗ್ಗದ ಆಚೆ ಯಾರೋ ಏನೋ ಹೇಳುತ್ತಿದ್ದರು. ನಾನು ಸುತ್ತಿಗೆಯನ್ನು ಎತ್ತಿದೆ. ಈ ಸಲ ಅದನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ, ಭುಜದ ಮೇಲಿಂದ ಹೋಗಲು ಬಿಟ್ಟೆ. ಬಿದ್ದ ಏಟಿಗೆ ಬಂಡೆಯೊಳಗಿನಿಂದ ಒಂದು ತುಂಬಿದ ಸದ್ದು ಬಂತು. ಅಂಥ ಸದ್ದನ್ನು ನಾನು ಕೇಳಿದ್ದು ಪ್ರತಿಮಾ ಹೊಡೆಯುತ್ತಿದ್ದ ಆಷಾಢದ ದಿನಗಳಲ್ಲಿ ಮಾತ್ರ. ಮತ್ತೆ ಎತ್ತಿದೆ. ಅವಳ ಬೆರಳುಗಳು ಅಲ್ಲೇ ಇದ್ದವು, ನಾನು ಅವುಗಳನ್ನು ನೋಡುವುದು ಬಿಟ್ಟಿದ್ದೆ. ಸರಳಿನ ತಲೆಯೊಂದೇ ಕಾಣುತ್ತಿತ್ತು. ಗುರುತು ಕೆಸರಿನೊಳಗೆ ಇಳಿಯುತ್ತ ಹೋಯಿತು. ಅವಳು ಒಂದೇ ಕೈಯಿಂದ ಇನ್ನೊಂದು ಸರಳು ಬದಲಿಸಿದಳು. ನನ್ನ ಎಡ ಮಣಿಕಟ್ಟು ಉರಿಯುತ್ತಿತ್ತು. ಪಕ್ಕದ ಬಂಡೆ ನಿಂತಿತೋ ನಡೆಯುತ್ತಿತ್ತೋ ಗೊತ್ತಿಲ್ಲ. ಸೀಟಿಯ ಸದ್ದಿಗೆ ಒಂದು ಏಟು ಗಾಳಿಯಲ್ಲೇ ನಿಂತಿತು.

ತೀರ್ಪುಗಾರರು ವಯಸ್ಸಾದವರು. ನಿಧಾನವಾಗಿ ಕೂತು, ತೂತಿನ ಕೆಸರನ್ನು ಉದ್ದ ಹಿಡಿಯ ಚಮಚದಿಂದ ಪೂರ್ತಿ ತೆಗೆಸಿ, ಅಳತೆಯ ಕಡ್ಡಿ ಇಳಿಸಿದರು. ಹೊರಗೆ ತೆಗೆದು ಕನ್ನಡಕದ ಹತ್ತಿರ ಹಿಡಿದರು. ಒಪ್ಪಿಗೆಯಾಗದೆ ಇನ್ನೊಮ್ಮೆ ಇಳಿಸಿದರು. ಪ್ರತಿಮಾ ಎದ್ದಿರಲಿಲ್ಲ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಂಡೆಯನ್ನೇ ನೋಡುತ್ತಿದ್ದಳು.

"ಆರು" ಎಂದರು ಅವರು. "ಆರಕ್ಕೆ ಒಂದು ಎಳೆ ಜಾಸ್ತಿನೇ ಇದೆ ಅನ್ನಿ."

ನಮಗೆ ಬಹುಮಾನ ಬರಲಿಲ್ಲ. ಹಳದಿ ಹೆಲ್ಮೆಟ್ಟಿನ ಜೋಡಿ ಒಂಬತ್ತರ ಹತ್ತಿರ ಕೊರೆದಿತ್ತು. ಆ ಹುಡುಗ ಬಂದು ಪ್ರತಿಮಾಳಿಗೆ ನೀರಿನ ಬಾಟಲಿ ಕೊಟ್ಟು ಹೋದ.

ಮುಖ್ಯಸ್ಥರು ಹಗ್ಗ ದಾಟಿ ಬಂದರು. ನನ್ನನ್ನು ನೋಡಲಿಲ್ಲ, ಪ್ರತಿಮಾಳ ಕೈಯನ್ನು ನೋಡಿದರು. ಗವಸಿನೊಳಗೇ ಬೆರಳುಗಳು ಊದಿದ್ದು ಕಾಣುತ್ತಿತ್ತು. "ಇದು ತರಬೇತಿ ಶುರುವಾಗೋ ಹೊತ್ತಿಗೆ ಸರಿಹೋಗತ್ತಾ?"

"ಇಳಿಯಕ್ಕೆ ಕಾಲು ಸಾಕಲ್ಲ ಸರ್" ಎಂದಳು ಪ್ರತಿಮಾ.

"ಹತ್ತೋಕೆ ಕೈ ಬೇಕು."

"ಹತ್ತದು ಆಮೇಲಿನ ಮಾತು."

ಅವರು ನಕ್ಕರೋ ಇಲ್ಲವೋ, ನಾನು ಹೇಳಲಾರೆ. ಫೋನು ತೆಗೆದು ನಾಲ್ಕು ಹೆಜ್ಜೆ ಆಚೆ ಹೋಗಿ ಹಿನ್ನೀರಿನ ಕಡೆ ಮುಖ ಮಾಡಿ ನಿಂತರು. ಗಾಳಿ ಆ ಕಡೆಯಿಂದಲೇ ಬೀಸುತ್ತಿದ್ದುದರಿಂದ ಮಾತು ಕೇಳಿಸುತ್ತಿತ್ತು. "ಇಬ್ಬರು ಇದಾರೆ... ಹೌದು, ಹುಡುಗಿಯರು..." ಆ ಕಡೆಯವರು ಏನೋ ಉದ್ದಕ್ಕೆ ಹೇಳಿದರು. ಇವರು ಕೇಳಿಸಿಕೊಂಡರು. "ಇಲ್ಲ, ಆಫೀಸಿಗಲ್ಲ. ಕೆಳಗೆ."

ಪ್ರತಿಮಾ ಆಗ ಗವಸು ಬಿಡಿಸಲೆಂದು ಕೈಯನ್ನು ನನ್ನ ಮುಂದೆ ಚಾಚಿದಳು.

"ಈಗ ನೋಯ್ತಾ ಇದೆ" ಎಂದಳು.